ಗೂಟ ತಪ್ಪಿದ ಡೂಗಲ್

ಡೂಗಲ್ ರಿಚಿ ಬೇಲಿ ಹಾಕುವ ಕಸುಬಿನವನು. ನಮ್ಮ ದೇಶದ ದಕ್ಷಿಣ ತುದಿಯ ಸೌತ್‌ಲ್ಯಾಂಡಿನ ಈ ಮೂಲೆಯಲ್ಲಿ ಕುರಿ ಮೇಯುವ ಯಾವ ಗುಡ್ಡ ಹತ್ತಿದರೂ, ದನ ನಿಲ್ಲುವ ಯಾವ ಬಯಲಿಗಿಳಿದರೂ ಅವನು ನೆಟ್ಟ ಕಂಬ, ಅವನು ಬಿಗಿದ ತಂತಿ ಕಾಣುತ್ತದೆ. ಇನ್ನೊಬ್ಬರ ನೆಲ ಎಲ್ಲಿಂದ ಎಲ್ಲಿಗೆ ಎಂದು ಗೆರೆ ಎಳೆಯುವುದರಲ್ಲೇ ಅವನ ಆಯುಷ್ಯದ ಬಹುಪಾಲು ಕಳೆಯಿತು. ಅವನದು ಅಂತ ಇದ್ದದ್ದು ಪೋಸ್ಟ್ ಆಫೀಸಿನ ಹಿಂದೆ ಒಂದು ಮನೆ, ಮತ್ತು ಹೆಂಡತಿ ಮೇವಿಸ್ಸಳ ಗುಲಾಬಿ ಗಿಡಗಳಿಗೆ ಹೆದರಿ ಪಕ್ಕಕ್ಕೆ ಸರಿದು ನಡೆಯಬೇಕಾದ ಹಿತ್ತಿಲು. ಆದರೆ ನಿನ್ನ ಆಸ್ತಿ ಯಾವುದಯ್ಯಾ ಎಂದು ಕೇಳಿದರೆ ಅವನು ಇವೆರಡನ್ನೂ ಹೇಳುತ್ತಿರಲಿಲ್ಲ. ಕೆಂಪುಹುಲ್ಲಿನ ಜೌಗಿನ ಪೂರ್ವ ದಂಡೆಯಲ್ಲಿದ್ದ ತನ್ನ ಮೈಮೈಯನ್ನು ತೋರಿಸುತ್ತಿದ್ದ.

ಬಾತು ಬೇಟೆಗೆ ಕಾಯುವವರು ಅಡಗಿ ಕೂತುಕೊಳ್ಳುವ ಮರೆಗೆ ನಮ್ಮಲ್ಲಿ ಮೈಮೈ ಅನ್ನುತ್ತೇವೆ. ಬಡಪಾಯಿಗಳು ನಾಲ್ಕು ಕೊಂಬೆ ಸಿಕ್ಕಿಸಿ ಅದಕ್ಕೇ ಮೈಮೈ ಅಂದುಕೊಳ್ಳುತ್ತಾರೆ. ಡೂಗಲನದು ಹಾಗಲ್ಲ. ತಗಡಿನ ಸೂರು, ಗಾಜಿನ ಕಿಟಕಿ, ಕಟ್ಟಿಗೆಯ ಒಲೆ, ಕೆಟಲ್, ಮೇವಿಸ್ ಮನೆಯಿಂದ ಹೊರಗೆ ಹಾಕಿದ ಹಸಿರು ಮಖಮಲ್ಲಿನ ತೋಳುಕುರ್ಚಿ, ನೀರಿನ ಕಡೆಗೆ ಒಂದು ಮರದ ಮೆಟ್ಟಿಲು. ಇಷ್ಟು ಸೌಕರ್ಯ ಊರಿನ ಪಾದ್ರಿಗೂ ಇರಲಿಲ್ಲ. ಒಂದೇ ಒಂದು ತೊಡಕೆಂದರೆ, ಅದರ ಕೆಳಗಿನ ನೆಲ ಸರ್ಕಾರದ್ದು.

ಸರ್ಕಾರಿ ಜೌಗಿಗೆ ಅದರದೇ ಕಟ್ಟಳೆ. ಮೇ ತಿಂಗಳ ಮೊದಲ ಶನಿವಾರ ಬೇಟೆ ಶುರು. ಅದಕ್ಕೂ ಮುಂಚೆ ಏಪ್ರಿಲ್‌ನಲ್ಲಿ ಒಂದು ಗೂಟದ ಭಾನುವಾರ ಬರುತ್ತದೆ. ಹೋದ ವರ್ಷ ಯಾವ ಜಾಗದಲ್ಲಿ ಯಾರು ಕೂತಿದ್ದರೋ ಅವರು ಅವತ್ತು ಬೆಳಿಗ್ಗೆ ಹತ್ತರೊಳಗೆ ಬಂದು, ತಮ್ಮ ಪರವಾನಗಿ ನಂಬರು ಬರೆದ ಗೂಟ ಹೊಡೆದರೆ ಜಾಗ ಈ ವರ್ಷವೂ ಅವರದೇ. ಹತ್ತು ಹೊಡೆಯಿತೋ, ಗೂಟ ಇಲ್ಲದ ಜಾಗ ಯಾರಿಗಾದರೂ ಸರಿ. ಮೇಲೆ ಅರಮನೆ ಕಟ್ಟಿದ್ದರೂ ಸರಿ.

ಈ ಕಟ್ಟಳೆಯನ್ನು ಊರಿಗೆಲ್ಲ ಬಾಯಿಪಾಠ ಮಾಡಿಸಿದವನು ಡೂಗಲನೇ. ಪಕ್ಕದ ಮೈಮೈಯ ಬಿಲ್ ಮ್ಯಾಕ್‌ಫೀ ಒಂದು ವರ್ಷ ಟೈರು ಪಂಕ್ಚರಾಗಿ ಹತ್ತು ದಾಟಿ ಏದುಸಿರು ಬಿಡುತ್ತ ಬಂದಾಗ, ಡೂಗಲ್ ಮಾತಾಡದೆ ತನ್ನ ಕೈಗಡಿಯಾರವನ್ನು ಅವನ ಮೂಗಿನ ಕೆಳಗೆ ಹಿಡಿದಿದ್ದ. ಆಮೇಲೆ ಬೇರೆ ಯಾರೂ ಬಾರದೆ ಬಿಲ್ಲನಿಗೆ ಜಾಗ ಉಳಿಯಿತೆನ್ನಿ, ಆದರೆ ಆ ಗಡಿಯಾರ ಅವನಿಗೆ ಕನಸಿನಲ್ಲೂ ಬರುತ್ತಿತ್ತಂತೆ.

ಜೌಗಿನ ಮರ್ಯಾದೆಗಳೂ ಅಷ್ಟೇ, ಡೂಗಲ್ ಹೇಳಿದ್ದೇ ಶಾಸನ. ಎಟುಕದ ಎತ್ತರದಲ್ಲಿ ಹಾರುವ ಹಕ್ಕಿಗೆ ಗುಂಡು ಹಾರಿಸಿ ಮಿಕ್ಕವರ ಬಾತನ್ನು ಬೆದರಿಸಬಾರದು. ಹಕ್ಕಿ ಯಾರು ನೀರಲ್ಲಿ ತೇಲಿಬಿಟ್ಟ ಹುಸಿಬಾತುಗಳ ಕಡೆ ರೆಕ್ಕೆ ಬಾಗಿಸಿತೋ ಅದು ಅವರದು, ಆಗ ನೀನು ಬಾತಿನ ದನಿಯ ಪೀಪಿ ಊದಿ ನಿನ್ನ ಕಡೆ ಕರೆಯಬಾರದು. ಮಧ್ಯಾಹ್ನದ ಊಟದ ಹೊತ್ತಿನವರೆಗೆ ಯಾರೂ ಗಂಟಲೆತ್ತಬಾರದು. ಇನ್ನೊಬ್ಬರ ಮೈಮೈಗೆ ಅವರು ಕರೆಯದೆ ಕಾಲಿಡಬಾರದು. ಎಲ್ಲಕ್ಕಿಂತ ದೊಡ್ಡದು ನಾಯಿಯ ವಿಷಯ. ಒಬ್ಬರ ನಾಯಿ ಇನ್ನೊಬ್ಬರ ಮೈಮೈಗೆ ನುಗ್ಗುವುದಕ್ಕಿಂತ ಆ ಯಜಮಾನನೇ ಅಂಡರ್ವೇರಿನಲ್ಲಿ ನುಗ್ಗಿದರೂ ವಾಸಿ ಎಂದು ಡೂಗಲನ ಅಭಿಪ್ರಾಯ. ಬಿಲ್ಲನ ತಮ್ಮ ಆ್ಯಂಗಸ್‌ನ ನಾಯಿ ಒಮ್ಮೆ ಇವನ ಮೆಟ್ಟಿಲ ತನಕ ಬಂದಾಗ, ನಾಯಿ ಸಾಕೋಕೆ ಬರದಿದ್ರೆ ಬೆಕ್ಕು ಸಾಕು ಎಂದು ಅವನಿಗೆ ಎಲ್ಲರೆದುರು ಹೇಳಿದ್ದ.

ಅಂಥ ಡೂಗಲನ ಗೂಟ ತಪ್ಪಿದ್ದು ಹೀಗೆ. ಬೇಸಿಗೆಯಲ್ಲಿ ನಾವು ಗಡಿಯಾರವನ್ನು ಒಂದು ತಾಸು ಮುಂದಕ್ಕೆ ಓಡಿಸಿ, ನಮ್ಮ ಬೇಸಿಗೆ ಮುಗಿದ ಮೇಲೆ ಏಪ್ರಿಲ್ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ಎಳೆಯುತ್ತೇವೆ. ಆ ವರ್ಷ ಗೂಟದ ಭಾನುವಾರವೂ ಅದೇ ದಿನ ಬಂತು. ಮೇವಿಸ್ ಶನಿವಾರ ಸಂಜೆ ಪಾತ್ರೆ ತೊಳೆದು ಕೈ ಒರೆಸಿಕೊಂಡು ಅಡಿಗೆಮನೆಯ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸಿದಳು. ಅದು ತಿಳಿಯದೆ ಮಲಗುವ ಮುಂಚೆ ಡೂಗಲನೂ ಇನ್ನೊಂದು ತಾಸು ತಿರುಗಿಸಿದ. ಮೊಬೈಲ್ ಫೋನೆಂಬುದನ್ನು ಅವನು ಮನೆಗೆ ಸೇರಿಸಿರಲಿಲ್ಲ. ಕೈಗಡಿಯಾರವನ್ನೂ ಅಡಿಗೆಮನೆಯದಕ್ಕೇ ಹೊಂದಿಸಿಕೊಂಡು ನೆಮ್ಮದಿಯಾಗಿ ಗೊರಕೆ ಹೊಡೆದ.

ಬೆಳಿಗ್ಗೆ ಜೇಬಿನಲ್ಲಿ ಬಿಸಿ ಚೀಸ್ ರೋಲು, ಹೆಗಲ ಮೇಲೆ ಗೂಟ, ಕೈಯಲ್ಲಿ ಕೊಡತಿ. ಬೇಕಾದಷ್ಟು ಹೊತ್ತಿದೆ ಎಂದು ದಾರಿಯಲ್ಲಿ ಪರಿಚಯದ ಒಂದು ಬೇಲಿಯ ಹತ್ತಿರ ನಿಂತು ತಂತಿ ಮೀಟಿ ಬಿಗಿ ನೋಡಿದ. ಜೌಗಿಗೆ ಬಂದಾಗ ಅವನ ಮೈಮೈ ಮುಂದೆ ನೀಲಿ ಬಣ್ಣದ ಗೂಟವೊಂದು ನೆಟ್ಟಗೆ ನಿಂತಿತ್ತು. ಒಳಗೆ ಅವನ ಹಸಿರು ಕುರ್ಚಿಯಲ್ಲಿ ಒಬ್ಬ ಹೆಂಗಸು ಕಾಲು ಚಾಚಿ ಚಹಾ ಕುಡಿಯುತ್ತಿದ್ದಳು.

ಅವಳು ನೋಲೀನ್ ಹಾಕ್ಸ್‌ಬಿ, ಹಾಲಿನ ಟ್ಯಾಂಕರ್ ಓಡಿಸುವವಳು. ಐವತ್ತು ದಾಟಿದ ಗಟ್ಟಿಗಿತ್ತಿ. ಉತ್ತರದ್ವೀಪದಿಂದ ಬಂದು ಒಂದು ಚಳಿಗಾಲವೂ ಆಗಿರಲಿಲ್ಲ, ಹಾಗಾಗಿ ಕೆಲವು ಜಾಗ ಮುಟ್ಟಬಾರದವು ಎಂಬುದು ಅವಳಿಗೆ ಯಾರೂ ಹೇಳಿಕೊಡದ ವಿದ್ಯೆ.

"ಅದು ನನ್ನ ಕುರ್ಚಿ," ಅಂದ ಡೂಗಲ್.

"ಹೌದಾ ಯಜಮಾನ್ರೇ. ಕುರ್ಚಿ ನಿಮ್ದೇ ಇಟ್ಕೊಳಿ. ಗೂಟ ನಂದು."

ಇನ್ನೂ ಹತ್ತಾಗಿಲ್ಲ ಎಂದು ಅವನು ಗಡಿಯಾರ ತೋರಿಸಿದ. ಅವಳು ಹತ್ತು ದಾಟಿದ್ದ ತನ್ನದನ್ನು ತೋರಿಸಿದಳು. ಅಕ್ಕಪಕ್ಕದಲ್ಲಿ ಗೂಟ ಹೊಡೆಯಲು ಬಂದಿದ್ದ ಮ್ಯಾಕ್‌ಫೀ ಅಣ್ಣತಮ್ಮಂದಿರು, ಯಾರೂ ಕರೆಯದಿದ್ದರೂ, ಕೆಸರಿನಲ್ಲಿ ಪಚಪಚ ಓಡಿಬಂದು ಸಾಕ್ಷಿ ಹೇಳಿದರು. ಬಿಲ್ ತನ್ನ ಕೈಗಡಿಯಾರವನ್ನು ಡೂಗಲನ ಮೂಗಿನ ಕೆಳಗೆ ಹಿಡಿದು, ಅವನು ಓದಿ ಮುಗಿಸುವ ತನಕ ಕೈ ತೆಗೆಯಲಿಲ್ಲ. ಬಿಲ್ಲನ ಮುಖದಲ್ಲಿ ಅಂಥ ಕಳೆಯನ್ನು ಅವನ ಮದುವೆಯ ದಿನವೂ ಯಾರೂ ಕಂಡಿರಲಿಲ್ಲ.

ಮನೆಯಲ್ಲಿ ಗಡಿಯಾರದ ವಿಚಾರಣೆ ನಡೆಯಿತು.

"ನಲವತ್ತು ವರ್ಷದಿಂದ ಆ ಗಡಿಯಾರ ಮುಟ್ಟದೋನು ನಿನ್ನೆ ಯಾಕಪ್ಪಾ ಮುಟ್ಟಿದೆ?" ಎಂದಳು ಮೇವಿಸ್.

"ನಿಂಗೆ ಒಂದು ಕೆಲಸ ಕಮ್ಮಿ ಆಗ್ಲಿ ಅಂತ."

"ಇನ್ಮೇಲೆ ನಂಗೆ ಕೆಲಸ ಜಾಸ್ತಿನೇ ಇರ್ಲಿ."

ಡೂಗಲನಿಗೆ ನಿಜವಾಗಿಯೂ ದುಃಖವಾಯಿತು. ಆ ದಂಡೆಯಲ್ಲಿ ಅವನು ಅಪ್ಪನ ಜೊತೆ ಕೂತಿದ್ದ, ಅಪ್ಪ ಹೋದ ಮೇಲೆ ಒಬ್ಬನೇ ಕೂತಿದ್ದ. ಬೇಟೆಯ ಮೊದಲ ಬೆಳಗಿನಲ್ಲಿ ಅಲ್ಲಿ ಇಲ್ಲದ ತನ್ನನ್ನು ಅವನಿಗೆ ಕಲ್ಪಿಸಿಕೊಳ್ಳಲೂ ಬರುತ್ತಿರಲಿಲ್ಲ. ಆದರೆ ಕಟ್ಟಳೆ ಕಟ್ಟಳೆಯೇ. ಅದನ್ನು ಮುರಿದರೆ ಊರಿಗೆ ಮುಖ ತೋರಿಸುವುದು ಹೇಗೆ? ಹಾಗಾಗಿ ದುಃಖ ನಾಲ್ಕು ದಿನದಲ್ಲಿ ಸಿಟ್ಟಾಗಿ ಬಲಿಯಿತು. ಸಿಟ್ಟಿಗೆ ಕಟ್ಟಳೆಯ ಅಡ್ಡಿಯಿಲ್ಲ.

ಅವನು ಟ್ರೇಲರ್ ಕಟ್ಟಿಕೊಂಡು ಹೋದ. ನೆಲ ಅವಳದು, ಸಾಮಾನು ನನ್ನದು ಎಂದು ಮೊದಲು ಕುರ್ಚಿ ತಂದ. ಆಮೇಲೆ ಒಲೆ, ಕೆಟಲ್. ಮಾರನೆಯ ವಾರ ಕಿಟಕಿ ಕಿತ್ತು ತಂದ. ಕೊನೆಗೆ ಬಾಗಿಲನ್ನೂ ಕೀಲು ಸಮೇತ ಬಿಚ್ಚಿ ತಂದು ಗುಲಾಬಿ ಗಿಡಗಳ ಮಧ್ಯೆ ಒರಗಿಸಿದ. ಸೂರಿನ ತಗಡಿನ ನಾಲ್ಕು ಮೊಳೆ ಕೀಳುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು, ಅದಕ್ಕೇ ಸೂರು ಉಳಿಯಿತು. ನೋಲೀನ್ ಏನಾದರೂ ಅನ್ನಲಿ, ಜಗಳ ಆಡೋಣ ಎಂದು ಅವನು ಕಾದ. ಅವಳು ಹಾಲಿನ ಟ್ಯಾಂಕರಿನಿಂದಲೇ ಕೈಬೀಸಿ ಹಾರ್ನ್ ಹೊಡೆದು ಹೋಗುತ್ತಿದ್ದಳು. ಜಗಳಕ್ಕೆ ಸಿಗದವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು.

ಜೌಗಿನಲ್ಲಿ ಉಳಿದಿದ್ದ ಜಾಗ ಒಂದೇ. ಹಸುಗಳ ಹಟ್ಟಿ ತೊಳೆದ ನೀರು ಬಂದು ಸೇರುವ ಕಾಲುವೆಯ ಬಾಯಿ. ಬಾತುಗಳು ಕೂಡ ಅಲ್ಲಿ ಮೂಗು ಮುಚ್ಚಿಕೊಂಡು ಹಾರುತ್ತವೆ ಎಂದು ನಾವು ತಮಾಷೆ ಮಾಡುವ ಜಾಗ. ಹಳೆಯ ಮೈಮೈಯಿಂದ ಮರ್ಯಾದೆಗೆ ತಕ್ಕಷ್ಟೇ ದೂರ. ಡೂಗಲ್ ಅಲ್ಲಿ ಗೂಟ ಹೊಡೆದ.

ಬೇಟೆಯ ಶನಿವಾರ ಬೆಳಕು ಹರಿಯುವಾಗ ಕಂಡ ನೋಟವನ್ನು ಬಿಲ್ ಮ್ಯಾಕ್‌ಫೀ ಈಗಲೂ ವರ್ಣಿಸುತ್ತಾನೆ. ಪೂರ್ವ ದಂಡೆಯಲ್ಲಿ ಬಾಗಿಲಿಲ್ಲದ, ಕಿಟಕಿಯಿಲ್ಲದ ಗುಡಿಸಲಿನೊಳಗೆ ಬಕೆಟ್ ಬೋರಲು ಹಾಕಿ ಕೂತ ನೋಲೀನ್. ಕಾಲುವೆಯ ಬಾಯಲ್ಲಿ ಎರಡು ಪೊದೆಗಳ ನಡುವೆ ಬಟ್ಟಬಯಲಿನಲ್ಲಿ, ಕೆಸರಿನೊಳಗೆ ಅರ್ಧ ಹೂತ ಹಸಿರು ಮಖಮಲ್ಲಿನ ತೋಳುಕುರ್ಚಿಯಲ್ಲಿ ಡೂಗಲ್. ಪಕ್ಕದಲ್ಲಿ ಅವನ ಕಪ್ಪು ಲ್ಯಾಬ್ರಡಾರ್, ಬಿಡ್ಡಿ.

ಬಿಡ್ಡಿಯ ಬಗ್ಗೆ ಹೇಳಲೇಬೇಕು. ಊರಲ್ಲಿ ಅಷ್ಟು ಶಿಸ್ತಿನ ನಾಯಿ ಇರಲಿಲ್ಲ. ಮರಿಯಾಗಿದ್ದಾಗಲೇ ಡೂಗಲ್ ಅದಕ್ಕೆ ಕಲಿಸಿದ ಪಾಠ: ಬಾತು ಎಲ್ಲೇ ಬೀಳಲಿ, ಕಚ್ಚಿ ಗಾಯ ಮಾಡದೆ ತಂದು ಮೈಮೈಯ ಮೆಟ್ಟಿಲ ಮೇಲೆ ಇಡಬೇಕು. ಇಡುತ್ತಿತ್ತು. ಮಂಜಿರಲಿ, ಗಾಳಿಯಿರಲಿ, ಇಡುತ್ತಿತ್ತು. ಊರಿನ ಎಳೆಯರನ್ನೆಲ್ಲ ಕರೆದು ತೋರಿಸಿ, ನಾಯಿ ಅಂದ್ರೆ ಇದು ಕಣ್ರೋ ಎಂದು ಡೂಗಲ್ ಬೀಗಿದ್ದುಂಟು.

ಮೊದಲ ಬಾತು ಬಿತ್ತು. ಒಳ್ಳೆಯ ಗುರಿ. ಬಿಡ್ಡಿ ಚಂಗನೆ ನೀರಿಗೆ ಹಾರಿ ಹಕ್ಕಿಯನ್ನು ಹಿಡಿದು, ತಿರುಗಿ, ಡೂಗಲನ ಕಡೆ ನೋಡಿಯೂ ನೋಡದೆ ಪೂರ್ವ ದಂಡೆಗೆ ಈಜಿತು. ಅದನ್ನು ಆ ಹಳೆಯ ಮೆಟ್ಟಿಲ ಮೇಲೆ ಜೋಪಾನವಾಗಿ ಇಟ್ಟು ಮೈಕೊಡವಿತು. ನೋಲೀನ್ ಅದರ ತಲೆ ಸವರಿ ಒಂದು ಚೂರು ಸಾಸೇಜ್ ಕೊಟ್ಟಳು. ಬಿಡ್ಡಿ ಬಾಲ ಅಲ್ಲಾಡಿಸುತ್ತ ವಾಪಸು ಬಂದು, ಹೇಗಿದೆ ನನ್ನ ಕೆಲಸ ಎನ್ನುವಂತೆ ಯಜಮಾನನ ಮುಖ ನೋಡಿತು.

ಡೂಗಲ್ ಬಾಯಿ ತೆರೆದ, ಮುಚ್ಚಿದ. ಗಂಟಲೆತ್ತಬಾರದು ಎಂದು ಕಟ್ಟಳೆ ಮಾಡಿದವನು ಅವನೇ. ಎದ್ದು ಹೋಗಿ ತರೋಣವೆಂದರೆ ಕರೆಯದೆ ಇನ್ನೊಬ್ಬರ ಮೈಮೈಗೆ ಕಾಲಿಡಬಾರದು. ಅವನು ಬಗ್ಗಿ ನಾಯಿಯ ಕಿವಿಯಲ್ಲಿ ಪಿಸುಗುಟ್ಟಿದ.

"ಇಲ್ಲಿ ತಾರೇ, ಮನೆಹಾಳಿ. ಈಗ ಇದೇ ನಮ್ಮನೆ."

ಬಿಡ್ಡಿ ಅವನ ಮೂಗು ನೆಕ್ಕಿತು. ಎರಡನೆಯ ಬಾತನ್ನೂ ನೋಲೀನಳಿಗೇ ಕೊಟ್ಟಿತು. ಮೂರನೆಯದನ್ನು ಕೊಡಲು ಹೋಗುವಾಗ ಮೊದಲಿಗಿಂತ ಸ್ವಲ್ಪ ಚುರುಕಾಗಿಯೇ ಹೋಯಿತು, ಸಾಸೇಜಿನ ಮಹಿಮೆ. ಅವನು ಗುಂಡು ಹಾರಿಸದೆ ಕೂರಬಹುದಿತ್ತು. ಆದರೆ ಮೇ ತಿಂಗಳ ಮೊದಲ ಶನಿವಾರ ಬಾತು ತಲೆಯ ಮೇಲೆ ರೆಕ್ಕೆ ಬಾಗಿಸಿದಾಗ ಸುಮ್ಮನೆ ಕೂರುವ ಗಂಡಸು ಸೌತ್‌ಲ್ಯಾಂಡಿನಲ್ಲಿ ಹುಟ್ಟಿಲ್ಲ. ಐದು ಬಾತು ಹೊಡೆದ. ಐದೂ ಪೂರ್ವ ದಂಡೆ ಸೇರಿದವು. ಮ್ಯಾಕ್‌ಫೀಗಳ ಮೈಮೈ ಅಲುಗಾಡುತ್ತಿತ್ತು. ಶಬ್ದ ಮಾಡದೆ ನಗುವುದು ಅಷ್ಟು ಸುಲಭವಲ್ಲ.

ಅಷ್ಟರಲ್ಲಿ ರೇಂಜರ್ ರಾವಿರಿ ಬಂದ. ಪರವಾನಗಿ ನೋಡುವುದು, ಹಕ್ಕಿ ಎಣಿಸುವುದು ಅವನ ಕೆಲಸ. ಆ ವರ್ಷ ಆ ಜೌಗಿನಲ್ಲಿ ತಲೆಗೆ ಆರು ಬಾತು, ಹೆಚ್ಚಿಲ್ಲ. ಯಾರ ಮೈಮೈಯಲ್ಲಿ ಸಿಕ್ಕಿತೋ ಅವರ ಲೆಕ್ಕ. ನೋಲೀನಳ ಗುಡಿಸಲಿನಲ್ಲಿ ಅವನು ಎಣಿಸಿದಾಗ ಹನ್ನೊಂದು ಬಂತು.

ಅವಳು ಹೊಡೆದದ್ದು ಆರೇ. ಉಳಿದ ಐದನ್ನು ಊಟದ ಹೊತ್ತಿಗೆ ಹಿಂದಿರುಗಿಸಬೇಕೆಂದು ಬೇರೆಯಾಗಿ, ಕಾಲಿಗೆ ದಾರ ಕಟ್ಟಿ ಇಟ್ಟಿದ್ದಳು. ಇವು ಡೂಗಲ್ ಅವರವು, ಅವರ ನಾಯಿ ತಂದು ಕೊಟ್ಟಿದ್ದು ಎಂದಳು. ರಾವಿರಿಗೆ ನಗು ಬಂತು. ಬಿಡ್ಡಿಯನ್ನು ತೋರಿಸಿ ಡೂಗಲ್ ಪಾಠ ಹೇಳಿದ ಎಳೆಯರಲ್ಲಿ ಅವನೂ ಒಬ್ಬ.

"ಅಮ್ಮಾ, ಬೇರೆ ಯಾರ ನಾಯಿ ಹೆಸರು ಹೇಳಿದ್ರೂ ನಂಬ್ತಿದ್ದೆ," ಎಂದ.

ತಪ್ಪು ಸಾಬೀತಾದರೆ ಪರವಾನಗಿ ಹೋಗುತ್ತದೆ. ಪರವಾನಗಿ ಹೋದರೆ ಗೂಟ ಹೋಗುತ್ತದೆ. ಗೂಟ ಹೋದರೆ, ಹಿಂದೆ ಕೂತಿದ್ದವನಿಗೆ ಮೊದಲ ಹಕ್ಕು. ಕಾಲುವೆಯ ಬಾಯಲ್ಲಿ ಕಿವಿ ನಿಮಿರಿಸಿ ಕೂತಿದ್ದ ಡೂಗಲನಿಗೆ ಈ ಮೂರೂ ಮೆಟ್ಟಿಲು ಹತ್ತಿ ಇಳಿಯಲು ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ. ಅವನು ಮಾಡಬೇಕಾದದ್ದು ಏನೂ ಇಲ್ಲ. ಸುಮ್ಮನೆ ಕೂತಿದ್ದರೆ ಸಾಕು, ಅದೂ ಕಟ್ಟಳೆಯ ಪ್ರಕಾರವೇ. ಬಾಯಿ ಬಿಟ್ಟರೆ ಮಾತ್ರ, ನಲವತ್ತು ವರ್ಷ ನಾಯಿಯ ಬಗ್ಗೆ ಊರಿಗೆ ಉಪದೇಶ ಮಾಡಿದ ಮನುಷ್ಯನ ನಾಯಿ ಬೆಳಿಗ್ಗೆಯಿಂದ ಪಕ್ಕದ ಮೈಮೈಗೆ ನುಗ್ಗುತ್ತಿದೆ ಎಂದು ತಾನೇ ಸಾರಬೇಕು. ಮ್ಯಾಕ್‌ಫೀಗಳ ಮುಂದೆ.

ಅವನು ಸ್ವಲ್ಪ ಹೊತ್ತು ಕೂತೇ ಇದ್ದ. ಅದನ್ನು ಮುಚ್ಚಿಡುವುದು ಬೇಡ. ರಾವಿರಿ ಪೆನ್ನು ತೆಗೆಯುವ ತನಕ ಕೂತಿದ್ದ. ಆಮೇಲೆ ಕುರ್ಚಿಯಿಂದ ಎದ್ದ. ಕುರ್ಚಿಯೂ ಕೆಸರಿನಿಂದ ಅವನ ಜೊತೆ ಎದ್ದು, ಮತ್ತೆ ಕೂತಿತು. ಊಟದ ಹೊತ್ತಿಗೆ ಇನ್ನೂ ಬಹಳ ಮುಂಚೆ, ಇಡೀ ಜೌಗಿಗೆ ಕೇಳುವಂತೆ ಅವನು ಗಂಟಲೆತ್ತಿದ.

"ರಾವಿರಿ, ಆಯಮ್ಮ ಹೇಳೋದು ನಿಜ ಕಣೋ. ಬಾತು ನಂದು. ನಾಯಿ ನಂದು. ನನ್ನ ಮಾತು ಕೇಳಲ್ಲ."

ಆಮೇಲೆ ಆ್ಯಂಗಸ್ ಮ್ಯಾಕ್‌ಫೀಯ ದನಿ ಪೊದೆಯೊಳಗಿನಿಂದ ನಿಧಾನವಾಗಿ ಬಂತು: ನಮ್ಮನೆ ಬೆಕ್ಕು ಮರಿ ಹಾಕಿದೆ, ಬೇಕಿದ್ದರೆ ಒಂದು ಇಟ್ಟಿರುತ್ತೇನೆ.

ರಾವಿರಿ ಒಪ್ಪಲಿಲ್ಲ. ಪಾಪದ ಹೆಂಗಸನ್ನು ಕಾಪಾಡಲು ಹಿರಿಯರು ದೊಡ್ಡ ಮನಸ್ಸು ಮಾಡಿ ಸುಳ್ಳು ಹೇಳುತ್ತಿದ್ದಾರೆ ಎಂದೇ ಅವನ ಎಣಿಕೆ. ಇನ್ನೊಂದು ಹೊಡೆದು ತೋರಿಸಿ ಎಂದ. ಡೂಗಲನ ಲೆಕ್ಕದಲ್ಲಿ ಆ ದಿನಕ್ಕೆ ಉಳಿದಿದ್ದದ್ದು ಅದೊಂದೇ.

ಎಲ್ಲರೂ ಕಾದರು. ಒಂದು ಗಂಡುಬಾತು ಪಶ್ಚಿಮದಿಂದ ಬಂದು, ಸುತ್ತು ಹಾಕಿ, ಕಾಲುವೆಯ ಕಡೆ ರೆಕ್ಕೆ ಬಾಗಿಸಿತು. ಗುರಿ ತಪ್ಪಿಸಿದರೆ ಮಾನ ಉಳಿಯಿತಲ್ಲ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದು ಅನ್ನಿಸಿತು, ಕೈ ಮಾತ್ರ ನೆಟ್ಟಗಿತ್ತು. ಹಕ್ಕಿ ಬಿತ್ತು. ಬಿಡ್ಡಿ ಹಾರಿತು. ಹಕ್ಕಿಯನ್ನು ಬಾಯಲ್ಲಿ ಹಿಡಿದು ತಿರುಗಿದ ನಾಯಿ, ಬೆಳಿಗ್ಗೆಯಿಂದ ಇಲ್ಲದ್ದು, ನೀರಿನ ನಡುವೆ ತಡೆದು ಡೂಗಲನನ್ನೇ ನೋಡತೊಡಗಿತು. ಬೆಳಗಿನ ಪಿಸುಮಾತೆಲ್ಲ ಈಗ ತಲೆಗೆ ಹೊಕ್ಕಿತೋ ಏನೋ. ಇಲ್ಲಿಗೆ ಬಂದರೆ ಆ ಹೆಂಗಸು ಸುಳ್ಳಿ ಎಂದಾಗುತ್ತದೆ. ತಾನು ಸಾಕಿದ ನಾಯಿ ತನ್ನನ್ನು ಲೆಕ್ಕಕ್ಕಿಡದಿರಲಿ ಎಂದು ಅವನು ಹುಟ್ಟಿದಂದಿನಿಂದ ಮೊದಲ ಸಲ ಹಾರೈಸಿದ. ಹಾರೈಕೆ ಸಾಲದೆಂದು ಬೆನ್ನು ತಿರುಗಿಸಿ ನಿಂತ.

ಸ್ವಲ್ಪ ಹೊತ್ತಿಗೆ ಜೌಗಿನ ನಾಲ್ಕೂ ದಂಡೆಯಿಂದ ನಗು ಎದ್ದಿತು. ಅವನು ತಿರುಗಿ ನೋಡಿದಾಗ ಬಿಡ್ಡಿ ಪೂರ್ವ ದಂಡೆಯ ಮೆಟ್ಟಿಲ ಮೇಲೆ ಸಾಸೇಜ್ ತಿನ್ನುತ್ತಿತ್ತು. ರಾವಿರಿ ಪೆನ್ನನ್ನು ಜೇಬಿಗೆ ಹಾಕಿಕೊಂಡು, ನಗುವುದೋ ಅಳುವುದೋ ತಿಳಿಯದ ಮುಖ ಮಾಡಿ ನೋಲೀನಳ ಕ್ಷಮೆ ಕೇಳಿದ. ಡೂಗಲ್ ಅಂಕಲ್, ನಿಮ್ಮ ಆರು ತಗೊಂಡು ಹೋಗಿ ಎಂದು ಕೂಗಿ ಮುಂದಿನ ಮೈಮೈಗೆ ನಡೆದ.

ಡೂಗಲ್ ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದ. ಮೆಟ್ಟಿಲ ಹತ್ತಿರ ನಿಂತ. ಆ ಮೆಟ್ಟಿಲನ್ನು ಅವನು ಸಾವಿರ ಸಲ ಹತ್ತಿದ್ದಾನೆ, ಆದರೆ ಅಲ್ಲಿ ನಿಂತು ಏನಾದರೂ ಕೇಳಬೇಕಾಗಿ ಬಂದದ್ದು ಅದೇ ಮೊದಲು. ನಾಯಿಗೆ ಲಂಚ ಕೊಟ್ಟಿದ್ದು ಸರಿಯಲ್ಲ ಎಂದು ಗೊಣಗಿದ. ಸಾಸೇಜ್ ನಿಮಗೂ ಉಂಟು ಎಂದಳು ನೋಲೀನ್.

ಅವನು ಟೋಪಿ ತೆಗೆದ.

"ಒಳಗೆ ಬರ್ಲಾ?"

"ಸರ್ಕಾರದ ಜಾಗ ಯಜಮಾನ್ರೇ, ಬೇಡ ಅನ್ನೋಕೆ ನಾನ್ಯಾರು? ಒಂಚೂರು ಸರ್ಕೊಂಡ್ರೆ ಇಬ್ರಿಗೂ ಆಗುತ್ತೆ."

"ನನ್ನ ಲೆಕ್ಕ ಮುಗೀತು. ಇನ್ನು ಇವತ್ತು ಹೊಡೆಯೋ ಹಾಗಿಲ್ಲ."

"ನಂದೂ ಮುಗೀತು. ಬನ್ನಿ, ಸುಮ್ನೆ ನೋಡ್ತಾ ಕೂರೋಣ."

ಬಾಗಿಲಿನ ಆ ಚೌಕಟ್ಟನ್ನು ಡೂಗಲ್ ತನ್ನ ಎತ್ತರಕ್ಕೆ ಸರಿಯಾಗಿ ತಾನೇ ಅಳತೆ ಮಾಡಿ ಕೂರಿಸಿದ್ದ. ಆದರೂ ಅವತ್ತು ತಲೆ ಬಗ್ಗಿಸಿಕೊಂಡೇ ಒಳಗೆ ಹೋದ.